ಆಡಿಯೊಳಗಿನ ಶ್ರಾವಣ

ನನ್ನ ಕೆಲಸ ಏನು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಕೊನೆಯವರೆಗೂ ಅರ್ಥವಾಗಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ಕೊಯಮತ್ತೂರಿನ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿ ಮುಗಿಸಿ, ಪೊಳ್ಳಾಚಿ ರಸ್ತೆಯ ಒಂದು ನೂಲಿನ ಮಿಲ್ಲಿಗೆ ಸೇರಿದ್ದೆ. ಒಂದು ಮೇಜು, ಹಿಡಿ ತಿರುಗಿಸಿದರೆ ಕಟಕಟ ಎನ್ನುವ ಲೆಕ್ಕದ ಯಂತ್ರ, ಗ್ರಾಫ್ ಕಾಗದದ ಕಟ್ಟು, ಎರಡು ಬಣ್ಣದ ಪೆನ್ಸಿಲ್. ಅಷ್ಟೇ ನನ್ನ ಸಾಮ್ರಾಜ್ಯ. ಈಗಿನವರು ಇದೇ ಕೆಲಸಕ್ಕೆ ಡೇಟಾ ಅನಲಿಸ್ಟ್ ಎಂದು ಹೆಸರಿಟ್ಟು, ಎಸಿ ರೂಮಿನಲ್ಲಿ ಕೂರಿಸಿ, ಕೈತುಂಬ ಸಂಬಳ ಕೊಡುತ್ತಾರೆ. ನಮ್ಮ ಬೀದಿಯವರು ಮಾತ್ರ, "ಅವಳಾ, ಮಿಲ್ಲಲ್ಲಿ ಗೀಟು ಎಳೀತಾಳೆ" ಅನ್ನುತ್ತಿದ್ದರು. ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮದು ನೇಕಾರರ ಬೀದಿ. ಬಾಗಿಲೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಆ ಕನ್ನಡವಾದರೂ ಎಂಥದು, ಅರ್ಧಕ್ಕರ್ಧ ತಮಿಳು ಬೆರೆತು ತಮಿಳಿನ ರಾಗದಲ್ಲೇ ಹೊರಡುತ್ತಿದ್ದ ಕನ್ನಡ. ಅಕ್ಷರ ಯಾರಿಗೂ ಬರುತ್ತಿರಲಿಲ್ಲ. ನಾನೂ ಮದುವೆಯಾಗಿ ಮೈಸೂರಿಗೆ ಬಂದ ಮೇಲೆ, ಹಟಕ್ಕೆ ಬಿದ್ದು, ಅಂಗಡಿ ಬೋರ್ಡುಗಳನ್ನು ಕೂಡಿಸಿ ಓದುತ್ತ ಕಲಿತವಳು.

ಮಿಲ್ಲಿನಲ್ಲಿ ನನ್ನ ಮೇಲಿನವರು ಸ್ಪಿನ್ನಿಂಗ್ ಮಾಸ್ಟರ್. ನೂಲುವ ಯಂತ್ರಗಳಿಗೆಲ್ಲ ಅವರೇ ಯಜಮಾನರು. ಒಳ್ಳೆಯ ಮನುಷ್ಯ, ಆದರೆ ಮುಂಗೋಪಿ. ನಾನೂ ಏನು ಕಡಿಮೆ ಇರಲಿಲ್ಲ, ಹಾಗಾಗಿ ನಮಗೆ ಸರಿಹೋಯಿತು. ಅವರ ತಲೆನೋವು ಒಂದೇ. ಯಂತ್ರದ ಒಂದೊಂದು ಬದಿಗೂ ಒಬ್ಬೊಬ್ಬರು ನಿಂತು, ಕಡಿದ ಎಳೆಯನ್ನು ಹೊಸೆಯುತ್ತ ನೋಡಿಕೊಳ್ಳಬೇಕು. ಒಬ್ಬರು ಬರದಿದ್ದರೆ ಆ ಬದಿ ನಿಂತಂತೆಯೇ. ಕೆಲವು ದಿನ ಎಲ್ಲರೂ ನೆಟ್ಟಗೆ ಬರುತ್ತಿದ್ದರು. ಕೆಲವು ದಿನ ಇದ್ದಕ್ಕಿದ್ದಂತೆ ಊರಿಗೂರೇ ಜ್ವರ ಬಂದು ಮಲಗಿಬಿಡುತ್ತಿತ್ತು.

"ಯಾಕೆ ಹೀಗೆ? ನೀನು ಓದಿದವಳಲ್ಲವಾ, ಕಂಡುಹಿಡಿ" ಎಂದು ತಮಿಳಿನಲ್ಲಿ ಗದರಿದಂತೆ ಹೇಳಿ, ಹಾಜರಿಯ ಕಾಗದಗಳನ್ನೆಲ್ಲ ನನ್ನ ಮೇಜಿನ ಮೇಲೆ ಹಾಕಿಸಿದರು.

ನಾನು ದಿನದಿನದ ಗೈರುಹಾಜರಿಯನ್ನು ಗ್ರಾಫಿನ ಮೇಲೆ ಇಳಿಸಿದೆ. ಅಲ್ಲಲ್ಲಿ ಗೋಪುರಗಳೆದ್ದವು. ಸೋಮವಾರವೇ, ಸಂಬಳದ ಮಾರನೆಯ ದಿನವೇ, ಸಿನಿಮಾ ಬದಲಾಗುವ ಶುಕ್ರವಾರವೇ ಎಂದು ಎಲ್ಲ ನೋಡಿದೆ. ಯಾವುದೂ ಕೂಡಿಬರಲಿಲ್ಲ. ಒಂದು ದಿನ ತಲೆಕೆಟ್ಟು ಮನೆಯಲ್ಲಿ ಕೂತಿದ್ದಾಗ ಗೋಡೆಗೆ ನೇತುಹಾಕಿದ್ದ ತಮಿಳು ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಮದುವೆಗೆ ಒಳ್ಳೆಯ ದಿನ ಎಂದು ಅದರಲ್ಲಿ ಗುರುತು ಹಾಕಿದ್ದ ತಾರೀಕುಗಳೆಲ್ಲ ನನ್ನ ಗೋಪುರಗಳ ತಾರೀಕುಗಳೇ. ಜ್ವರವೂ ಮುಹೂರ್ತ ನೋಡಿಕೊಂಡು ಬರುತ್ತಿತ್ತು.

ಮಾಸ್ಟರು ಮೊದಲು ನಕ್ಕರು. ಮುಂದಿನ ಮುಹೂರ್ತದ ದಿನ ನಾನು ಹೇಳಿದಷ್ಟೇ ಮಂದಿ ಬರದೆ ಹೋದಾಗ ನಗು ನಿಲ್ಲಿಸಿ, ಇನ್ನು ಮೇಲೆ ತಿಂಗಳಿಗೆ ಮುಂಚೆಯೇ ಅಂದಾಜು ಬರೆದು ಕೊಡು ಎಂದರು. ಹೀಗೆ ನಾನು ಲೆಕ್ಕದ ಯಂತ್ರದ ಪಕ್ಕದಲ್ಲಿ ಪಂಚಾಂಗ ಇಟ್ಟುಕೊಂಡು ಕೂತೆ. ಇಂಗ್ಲಿಷಿನಲ್ಲಿ ಓದಿದ ವಿದ್ಯೆಯೆಲ್ಲ ಪುರೋಹಿತರ ಕೆಲಸಕ್ಕೆ ಬಂತಲ್ಲ ಎಂದು ಆಫೀಸಿನಲ್ಲಿ ಎಲ್ಲರೂ ಕಾಡಿಸುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಜಂಬ.

ನನ್ನ ಅಂದಾಜು ಯಾರಿಗೆ ಅನ್ನ, ಯಾರಿಗೆ ಇಲ್ಲ ಎಂಬುದು ಗೇಟಿನಲ್ಲಿ ಗೊತ್ತಾಗುತ್ತಿತ್ತು. ಅಲ್ಲಿ ಪ್ರತಿ ಬೆಳಗ್ಗೆ ಬದಲಿಗಳು ಸಾಲು ನಿಲ್ಲುತ್ತಿದ್ದರು. ಬದಲಿ ಎಂದರೆ ಖಾಯಂ ಕೆಲಸದವರು ಯಾರಾದರೂ ಬಾರದಿದ್ದರೆ ಆ ದಿನದ ಮಟ್ಟಿಗೆ ಅವರ ಜಾಗಕ್ಕೆ ಹೋಗುವವರು. ಬೇಕಾದಷ್ಟು ಜನರನ್ನು ಒಳಗೆ ಬಿಟ್ಟು, ಉಳಿದವರಿಗೆ ಕಾವಲುಗಾರ "ಇನ್ನಿಕ್ಕಿ ವೇಲೆ ಇಲ್ಲೆ, ಪೋಂಗ" ಎನ್ನುತ್ತಿದ್ದ. ಇವತ್ತು ಕೆಲಸವಿಲ್ಲ, ಹೋಗಿ. ಅವರು ಊಟದ ಡಬ್ಬಿಯನ್ನು ಬಿಚ್ಚದೆ ಹಾಗೇ ಹಿಡಿದುಕೊಂಡು ಬಸ್ ಸ್ಟಾಪಿಗೆ ನಡೆಯುತ್ತಿದ್ದರು.

ಆ ಸಾಲಿನಲ್ಲಿ ನನ್ನ ಚಿಕ್ಕಪ್ಪನೂ ಇದ್ದ.

ಅಪ್ಪನ ಕೊನೆಯ ತಮ್ಮ. ಕೈಮಗ್ಗದಲ್ಲಿ ಅವನಷ್ಟು ನವುರಾಗಿ ಸೀರೆಯ ಅಂಚು ನೇಯುವವರು ಬೀದಿಯಲ್ಲಿ ಇರಲಿಲ್ಲ. ಸೋಮನೂರಿನ ಕಡೆಯ ಪವರ್‌ಲೂಮುಗಳ ಸದ್ದು ಜೋರಾದಂತೆ ನಮ್ಮ ಮಗ್ಗಗಳ ಸದ್ದು ಇಳಿಯಿತು. ಅಪ್ಪನ ಮಗ್ಗ ಹೇಗೋ ಉಳಿಯಿತು. ಚಿಕ್ಕಪ್ಪನ ಮಗ್ಗ ಬಿಚ್ಚಿ, ಅವನು ಕಾಲಿಳಿಬಿಟ್ಟು ಕೂರುತ್ತಿದ್ದ ಗುಂಡಿಗೆ ಹಲಗೆ ಮುಚ್ಚಿ, ಅದರ ಮೇಲೆ ನಾವು ಹಾಸಿಗೆ ಹಾಸುತ್ತಿದ್ದೆವು. ಚಿಕ್ಕಪ್ಪ ಮಿಲ್ಲಿನ ಬದಲಿಯಾದ. ವರ್ಷದೊಳಗೆ ಮಿಲ್ಲು ಹೇಳಿದಷ್ಟು ದಿನ ಕೆಲಸ ತುಂಬಿಸಿದರೆ ಖಾಯಂ ಮಾಡುತ್ತಾರೆ. ಕರೆದ ದಿನ ಇಲ್ಲದಿದ್ದರೆ ಹೆಸರು ಪಟ್ಟಿಯ ಅಡಿಗೆ ಹೋಗುತ್ತದೆ. 'ಪರ್ಮನೆಂಟ್' ಎಂಬ ಮಾತನ್ನು ಅವನು ಮನೆದೇವರ ಹೆಸರು ಹೇಳುವ ಹಾಗೆ ಹೇಳುತ್ತಿದ್ದ.

ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ನನ್ನ ಆಫೀಸು ತಡವಾಗಿ ಶುರುವಾಗುತ್ತಿತ್ತು, ಆದರೆ ನಮ್ಮೂರಿಗೆ ಆ ಹೊತ್ತಿನ ಬಸ್ಸು ಅದೊಂದೇ. ಗೇಟಿನ ಹತ್ತಿರ ಬಂದಾಗ ನಾನು ಅವನನ್ನು ಕಂಡೂ ಕಾಣದ ಹಾಗೆ ಹೋಗಬೇಕು. ಅದು ಅವನದೇ ಕಟ್ಟಳೆ. ನನ್ನನ್ನು ಅವನು ತಮಿಳರ ಹಾಗೆ ಮುದ್ದಿಗೆ 'ಕಣ್ಣು' ಎಂದೇ ಕರೆಯುತ್ತಿದ್ದ.

"ಲೈನಲ್ಲಿ ನಿಂತಿರುವಾಗ ನನ್ನ ನೋಡಿ ನಗಬೇಡ ಕಣ್ಣು. ಅಣ್ಣನ ಮಗಳು ಆಫೀಸಲ್ಲಿ ಇದಾಳೆ, ಅದಕ್ಕೇ ಒಳಗೆ ಬಿಟ್ಟರು ಅಂತ ಒಬ್ಬರೂ ಅನ್ನಬಾರದು."

ಬಸ್ಸಿನಲ್ಲಿ ಮಾತ್ರ ಮೆಲ್ಲಗೆ ಕೇಳುತ್ತಿದ್ದ. "ನಾಳೆ ಹೆಂಗೆ?"

"ನಾಳೆ ಮುಹೂರ್ತ ಚಿಕ್ಕಪ್ಪ, ಒಳ್ಳೇ ದಿನ."

"ಯಾರೋ ಪುಣ್ಯವಂತರು. ನೂರು ಕಾಲ ಬಾಳಲಿ" ಎಂದು ಕಿಟಕಿಯ ಹೊರಗೆ ನೋಡುತ್ತ ಹರಸುತ್ತಿದ್ದ. ಮುಖ ತಿಳಿಯದ ಎಷ್ಟು ಮದುಮಕ್ಕಳಿಗೆ ಅವನ ಆಶೀರ್ವಾದ ತಲುಪಿತೋ ದೇವರೇ ಬಲ್ಲ.

ಹೀಗಾಗಿ ಚಿಕ್ಕಪ್ಪ ಯಾರ ಮದುವೆಗೂ ಹೋಗುವ ಹಾಗಿರಲಿಲ್ಲ. ಮದುವೆಯ ದಿನವೆಂದರೆ ಅವನಿಗೆ ಕೆಲಸದ ದಿನ. ಸೋದರತ್ತೆಯ ಮಗನ ಮದುವೆ, ಎದುರು ಮನೆಯ ಮದುವೆ, ಅಮ್ಮನ ತಂಗಿಯ ಮದುವೆ, ಯಾವುದರಲ್ಲೂ ಅವನಿಲ್ಲ. ನೆಂಟರು ಮುನಿಸಿಕೊಂಡರು. ಅಜ್ಜಿಗಂತೂ ಅದೇ ಕೊರಗು.

"ನಾವು ನಾಲ್ಕು ಮನೆಗೆ ಹೋದರೆ ತಾನೇ ನಾಲ್ಕು ಮನೆಯೋರು ನಮ್ಮನೆಗೆ ಬರೋದು? ನಿನ್ನ ಕಲ್ಯಾಣಕ್ಕೆ ಕಾಗೆ ಕೂಡ ಬರಲ್ಲ ನೋಡು."

"ಮೊದಲು ಕಲ್ಯಾಣ ಆಗಲಿ ತಾಯಿ, ಆಮೇಲೆ ಕಾಗೆ ಕರೆಯೋಣ" ಎಂದು ಅವನು ನಗುತ್ತಿದ್ದ. ಆದರೆ ಅವನ ವಯಸ್ಸಿನವರ ಮಕ್ಕಳು ಆಗಲೇ ಸ್ಕೂಲಿಗೆ ಹೋಗುತ್ತಿದ್ದರು.

ನೆಗಮಂನ ಒಂದು ನೇಕಾರರ ಮನೆಯ ಹುಡುಗಿಯನ್ನು ನೋಡಿದ್ದಾಗಿತ್ತು. ಅವನಿಗೂ ಒಪ್ಪಿಗೆ, ಅವಳಿಗೂ ಒಪ್ಪಿಗೆ. ನಿಶ್ಚಯ ಮಾಡಿಕೊಳ್ಳುವುದೊಂದೇ ಬಾಕಿ. ಅದನ್ನು ಒಳ್ಳೆಯ ದಿನ ನೋಡಿಯೇ ಮಾಡಬೇಕಲ್ಲ. ಒಳ್ಳೆಯ ದಿನ ನೋಡಿ ಇಟ್ಟರು. ಆ ದಿನ ಮಿಲ್ಲಿನಲ್ಲಿ ಗೈರುಹಾಜರಿ ಹೆಚ್ಚು, ಚಿಕ್ಕಪ್ಪನಿಗೆ ಕರೆ ಬಂತು, ಒಳಗೆ ಹೋಗಿಬಿಟ್ಟ. ಮದುಮಗನಿಲ್ಲದೆ ನಾವು ವೀಳ್ಯದೆಲೆ ತಟ್ಟೆ ಹಿಡಿದುಕೊಂಡು ನೆಗಮಂಗೆ ಹೋಗಿ, ಹೊಟ್ಟೆನೋವೆಂದು ಸುಳ್ಳು ಹೇಳಿ, ಕಾಫಿ ಕುಡಿದು ಬಂದೆವು. ಎರಡನೆಯ ಸಲವೂ ಅದೇ ಆಯಿತು. ಹೊಟ್ಟೆನೋವಿನ ಸುಳ್ಳನ್ನು ಎರಡನೆಯ ಸಲ ಹೇಳುವಾಗ ಅಪ್ಪನ ಮುಖ ನೋಡಲಾಗಲಿಲ್ಲ.

ಹುಡುಗಿಯ ತಂದೆ ಒಂದು ದಿನ ನಮ್ಮ ಮನೆಗೇ ಬಂದರು. ಜಗಲಿಯಲ್ಲಿ ಕೂತು, ಕೊಟ್ಟ ನೀರು ಕುಡಿದು, ಧ್ವನಿ ಏರಿಸದೆ, ಚಿಕ್ಕಪ್ಪನನ್ನು ಆಗಲೇ ಅಳಿಯನೆಂದು ಕರೆದು ಹೇಳಿದರು.

"ಮಾಪಿಳ್ಳೆಗೆ ಮಿಲ್ಲು ಮುಖ್ಯ. ತಪ್ಪಲ್ಲ. ಆದರೆ ಹೆಣ್ಣು ಕೊಡೋರ ಎದುರಿಗೆ ಬಂದು ಕೂರದ ಗಂಡಿಗೆ ಹೆಂಗೆ ಹೆಣ್ಣು ಕೊಡಲಿ? ಇನ್ನೊಂದು ಸಲ ದಿನ ಇಡಿ. ಅವತ್ತೂ ಇಲ್ಲ ಅಂದರೆ ನಾವು ಬೇರೆ ಕಡೆ ನೋಡ್ತೀವಿ."

ಚಿಕ್ಕಪ್ಪ ತಲೆ ತಗ್ಗಿಸಿ ನಿಂತಿದ್ದ. ಅವರು ಹೋದ ಮೇಲೆ ನಾನು ಅವನ ಮೇಲೆ ಹರಿಹಾಯ್ದೆ. ಒಂದು ದಿನ, ಒಂದೇ ಒಂದು ದಿನ ಬಿಟ್ಟರೆ ಮಿಲ್ಲು ಮುಳುಗಿಹೋಗುತ್ತದೆಯೇ?

"ಮಿಲ್ಲು ಮುಳುಗಲ್ಲ ಕಣ್ಣು, ನಾನು ಮುಳುಗ್ತೀನಿ" ಎಂದ. "ಈ ವರ್ಷ ದಿನ ತುಂಬೋ ಹಂಗಿದೆ. ಈಗ ಹೆಸರು ಕೆಳಗೆ ಹೋದರೆ ಮತ್ತೆ ಮೊದಲಿಂದ. ಬದಲಿಯಾಗೇ ಇದ್ದು ಅವಳನ್ನ ಮನೆಗೆ ಕರಕೊಂಡು ಬಂದು, ದಿನಾ ಬೆಳಗ್ಗೆ ಅವಳು ಕಟ್ಟಿಕೊಟ್ಟ ಬುತ್ತೀನ ಹಂಗೇ ವಾಪಸ್ ತರಲಾ?"

ಬದಲಿಗಳು ಹಿಡಿದುಕೊಂಡು ಹೋಗುತ್ತಿದ್ದ ಡಬ್ಬಿಗಳನ್ನು ನಾನು ದಿನವೂ ನೋಡಿದವಳು. ಅವನ ಡಬ್ಬಿಯನ್ನು ಮನೆಯಲ್ಲಿ ತೊಳೆಯುತ್ತಿದ್ದವಳೂ ನಾನೇ, ಆದರೂ ಹಾಗೆ ಯೋಚಿಸಿರಲಿಲ್ಲ.

ಮಾರನೆಯ ದಿನ ಆಫೀಸಿನಲ್ಲಿ ಸಿಟ್ಟಿನಲ್ಲೇ ಗ್ರಾಫ್ ಹರಡಿಕೊಂಡು ಕೂತೆ. ಮಾಸ್ಟರು ಕೇಳಿದ್ದು ಯಾವ ದಿನ ಜನ ಬರುವುದಿಲ್ಲ ಎಂದು. ನನಗೆ ಈಗ ಬೇಕಾಗಿದ್ದು ಅದರ ಉಲ್ಟಾ: ಎಲ್ಲರೂ ಬರುವ, ಒಬ್ಬ ಬದಲಿಯೂ ಬೇಡವಾಗುವ, ಆದರೂ ಮದುವೆಗೆ ಒಳ್ಳೆಯದಾದ ದಿನ. ಹುಡುಕಿದಷ್ಟೂ ನಗು ಬಂತು. ಒಳ್ಳೆಯ ದಿನಕ್ಕೇ ತಾನೇ ಜನ ಮದುವೆಗೆ ಹೋಗುವುದು. ಇಂಥ ದಿನ ಇರುವುದಾದರೂ ಹೇಗೆ?

ಗ್ರಾಫಿನಲ್ಲಿ ಆಡಿ ತಿಂಗಳು ಮಾತ್ರ ಬೋಳು ಬಯಲಾಗಿತ್ತು. ಆಡಿಯಲ್ಲಿ ತಮಿಳರ ಮನೆಗಳಲ್ಲಿ ಮದುವೆಯಿಲ್ಲ. ಹಬ್ಬದ ದಿನಗಳನ್ನು ಬಿಟ್ಟರೆ ಎಲ್ಲರೂ ಕೆಲಸಕ್ಕೆ ಹಾಜರು. ಬದಲಿಗಳು ಆಡಿ ಬಂತೆಂದರೆ ಶಪಿಸುತ್ತಿದ್ದರು. ನಮ್ಮ ಮನೆಯಲ್ಲೂ ಆ ತಿಂಗಳು ಮದುವೆಯ ಸುದ್ದಿ ಎತ್ತುವ ಹಾಗಿಲ್ಲ, ನಮಗೆ ಅದು ಆಷಾಢ.

ಅಲ್ಲಿಗೆ ನನ್ನ ಪೆನ್ಸಿಲ್ ನಿಂತಿತು. ಆಡಿಯೂ ಆಷಾಢವೂ ಒಂದೇ ಏನು?

ಸಂಜೆ ನಮ್ಮ ಮನೆತನದ ಪುರೋಹಿತರ ಹತ್ತಿರ ಹೋದೆ. ಅವರ ಬಳಿ ಮೈಸೂರು ಕಡೆಯಿಂದ ತರಿಸಿದ ಕನ್ನಡದ ಪಂಚಾಂಗವಿತ್ತು. ನನಗೆ ಓದಲು ಬಾರದು, ಅವರು ಓದಿ ಹೇಳಿದರು. ತಮಿಳರ ಆಡಿ ಸೂರ್ಯನನ್ನು ನೋಡಿ ನಡೆಯುತ್ತದೆ, ನಮ್ಮ ಆಷಾಢ ಚಂದ್ರನನ್ನು ನೋಡಿ. ಸಾಮಾನ್ಯವಾಗಿ ಆಷಾಢ ಮೊದಲು ಬಂದು ಮೊದಲೇ ಹೋಗುತ್ತದೆ. ಆ ವರ್ಷ ಆಡಿ ಅಮಾವಾಸ್ಯೆ ಕಳೆದ ಮಾರನೆಯ ದಿನವೇ ನಮಗೆ ಶ್ರಾವಣ, ತಮಿಳರಿಗೆ ಮಾತ್ರ ಇನ್ನೂ ಅರ್ಧಕ್ಕಿಂತ ಹೆಚ್ಚು ಆಡಿ ಬಾಕಿ. ಆ ದಿನಗಳಲ್ಲಿ ಕನ್ನಡದ ಪಂಚಾಂಗದಲ್ಲಿ ಮದುವೆಯ ಲಗ್ನಗಳು ಸಾಲಾಗಿ ಕೂತಿದ್ದವು. ತಮಿಳು ಕ್ಯಾಲೆಂಡರಿನಲ್ಲಿ ಒಂದೂ ಇರಲಿಲ್ಲ.

"ಹಾಗಾದರೆ ನಮ್ಮವರು ಯಾಕೆ ಆಗ ಮದುವೆ ಮಾಡಲ್ಲ?" ಎಂದು ಕೇಳಿದೆ.

"ಅವರ ಆಡೀನೂ ಬಿಡಲ್ಲ, ನಮ್ಮ ಆಷಾಢಾನೂ ಬಿಡಲ್ಲ. ಎರಡೂ ಕೂಡಿಸಿ ಹಿಡಕೊಂಡಿದಾರೆ. ಎರಡು ಮನೆ ನೆಂಟ ಅಂದರೆ ಎರಡು ಕಡೆ ಉಣ್ಣಬೇಕು, ನಮ್ಮೋರು ಎರಡು ಕಡೆ ಉಪವಾಸ ಮಾಡ್ತಾರೆ" ಎಂದರು ಪುರೋಹಿತರು.

ಲಗ್ನ ಸಿಕ್ಕಿತು. ಅಜ್ಜಿಯನ್ನು ಒಪ್ಪಿಸುವುದು ಯಾರು? ನಾನು ಗ್ರಾಫ್ ಕಾಗದವನ್ನು ಅವಳ ಮುಂದೆ ಹರಡಿ, ಇದು ಆಡಿ, ಇದು ಶ್ರಾವಣ ಎಂದು ಬಣ್ಣದ ಪೆನ್ಸಿಲಿನಲ್ಲಿ ತೋರಿಸಿದೆ. ಅವಳು ಅದನ್ನು ತಲೆಕೆಳಗಾಗಿ ಹಿಡಿದು, "ಈ ಅಂಚು ಚೆನ್ನಾಗಿದೆ, ಸೀರೆಗೆ ಹಾಕಬಹುದು" ಎಂದಳು. ಆಮೇಲೆ ಗಂಭೀರಳಾದಳು.

"ಈ ಮಣ್ಣಿನ ನೀರು ಕುಡೀತೀವಿ, ಈ ಮಣ್ಣಿನ ಆಡೀನೂ ಪಾಲಿಸಬೇಕು. ಆಡೀಲಿ ತಾಳಿ ಕಟ್ಟಿದ್ದು ನಮ್ಮ ಕುಲದಲ್ಲೇ ಇಲ್ಲ."

ವಾದದಲ್ಲಿ ಅವಳನ್ನು ಗೆದ್ದವರು ಯಾರೂ ಇಲ್ಲ. ನಾನು ಕಾಗದ ಮಡಚಿ ಏಳುವುದರಲ್ಲಿದ್ದೆ. ಆಗ ಅವಳು ನೂರಾರು ಸಲ ಹೇಳಿದ್ದ ಅವಳ ಮದುವೆಯ ಕತೆ ನೆನಪಿಗೆ ಬಂತು. ಧಾರೆಯ ಹೊತ್ತಿಗೆ ಗಾಳಿ ಎದ್ದು, ಚಪ್ಪರದ ತೆಂಗಿನ ಗರಿಗಳೆಲ್ಲ ಹಾರಿಹೋಗಿ, ತಾತ ಒಂದು ಕೈಯಲ್ಲಿ ಪೇಟ, ಇನ್ನೊಂದು ಕೈಯಲ್ಲಿ ಕಂಬ ಹಿಡಿದು ಕೂತಿದ್ದರಂತೆ.

"ಅಜ್ಜಿ, ನಿನ್ನ ಮದುವೇಲಿ ಚಪ್ಪರ ಹಾರಿಸಿದ ಗಾಳಿ ಯಾವ ಗಾಳಿ?"

"ಇನ್ಯಾವ ಗಾಳಿ, ಆಡಿ ಗಾಳಿ. ಆಡಿ ಗಾಳೀಲಿ ಅರೆಯೋ ಅಮ್ಮಿಕಲ್ಲೂ ಹಾರುತ್ತೆ ಅಂತ ಹೇಳಲ್ವಾ..." ಎಂದವಳು ಅಲ್ಲಿಗೇ ಮಾತು ನಿಲ್ಲಿಸಿದಳು. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಾಟ ನಿಲ್ಲಿಸಿ ಇತ್ತ ತಿರುಗಿದ್ದ. ಅಜ್ಜಿ ಸೆರಗು ಸರಿಮಾಡಿಕೊಂಡಳು. "ಆಗಿನ ಕಾಲದಲ್ಲಿ ನಮಗೆ ಶ್ರಾವಣ ಅಷ್ಟೇ ಗೊತ್ತಿತ್ತು" ಎಂದಳು. ಆ ಮಾತಿನಲ್ಲೇ ಒಪ್ಪಿಗೆ ಸಿಕ್ಕಿತ್ತು.

ನೆಗಮಂನವರು ಹಿಂದುಮುಂದು ನೋಡಿದರಂತೆ. ಹುಡುಗಿಯೇ ತಂದೆಗೆ ಹೇಳಿದಳೆಂದು ಆಮೇಲೆ ತಿಳಿಯಿತು. "ಎಲ್ಲಿಗೆ ಹೋದ ಅಂತ ಗೊತ್ತಿಲ್ಲದ ಗಂಡಿಗಿಂತ, ವೇಲೆಗೆ ಹೋಗಿದಾನೆ ಅಂತ ಗೊತ್ತಿರೋ ಗಂಡು ವಾಸಿ ಅಪ್ಪ. ಆಡಿ ಆದರೇನು, ಅವತ್ತಾದರೂ ಬರಲಿ." ಹಿಂದಿನ ಸಂಜೆ ನಿಶ್ಚಯ, ಬೆಳಗ್ಗೆ ತಾಳಿ ಎಂದು ಗೊತ್ತುಮಾಡಿದರು. ಆಡಿಯಾದ್ದರಿಂದ ಮಿಲ್ಲಿನ ಹತ್ತಿರದ ಕಲ್ಯಾಣ ಮಂಟಪ ಕೇಳಿದ ತಕ್ಷಣ ಸಿಕ್ಕಿತು. ಮಂಟಪದವನು ತಾರೀಕನ್ನು ಎರಡೆರಡು ಸಲ ಕೇಳಿ, ನಮ್ಮನ್ನು ಹುಚ್ಚರ ಹಾಗೆ ನೋಡಿದ.

ನಿಶ್ಚಯಕ್ಕೆ ಚಿಕ್ಕಪ್ಪ ಎಲ್ಲರಿಗಿಂತ ಮುಂಚೆ ಹೋಗಿ ಕೂತಿದ್ದ. ಮಾವನ ಎದುರಿಗೇ, ಕಣ್ಣಿಗೆ ಬೀಳುವ ಹಾಗೆ. ಅವರ ಮುಖ ಅರಳಿದ್ದನ್ನು ನಾನು ನೋಡಿದೆ. ಆದರೆ ಬೆಳಗ್ಗೆ ಅದು ಮತ್ತೆ ಬಾಡುತ್ತ ಬಂತು. ಹೆಣ್ಣಿನ ಕಡೆಯವರು ನೆಗಮಂನಿಂದ ಎರಡು ವ್ಯಾನು ತುಂಬ ಬಂದಿದ್ದರು. ನಮ್ಮ ಕಡೆ ಮನೆಯವರನ್ನು ಬಿಟ್ಟರೆ ಜನವೇ ಇಲ್ಲ. ಕೆಲವು ನೆಂಟರಿಗೆ ಆಡಿ ನೆಪ. ಕೆಲವರಿಗೆ ಅದೂ ಬೇಕಿರಲಿಲ್ಲ, ಅವನು ನಮ್ಮ ಮನೆಗೆ ಬಂದಿದ್ದನೇ ಎಂದು ನೇರವಾಗಿಯೇ ಹೇಳಿ ಕಳಿಸಿದ್ದರು. ಬೀದಿಯವರಲ್ಲೂ ಹಳಬರು ಬರಲಿಲ್ಲ. ಮಿಲ್ಲಿನ ಖಾಯಂ ಕೆಲಸದವರು ಬರುವ ಹಾಗಿರಲಿಲ್ಲ. ಆ ದಿನ ಎಲ್ಲರೂ ಕೆಲಸಕ್ಕೆ ಹಾಜರಿರುತ್ತಾರೆ ಎಂದು ಬರೆದುಕೊಟ್ಟವಳು ನಾನೇ. ನನ್ನ ಅಂದಾಜಿನ ಬಗ್ಗೆ ಅಷ್ಟು ಜಂಬಪಟ್ಟವಳಿಗೆ, ಹುಡುಕಿ ಹುಡುಕಿ ಯಾರೂ ಬಾರದ ದಿನವನ್ನೇ ಹಿಡಿದು ತಂದೆನಲ್ಲ ಎಂದು ಅಳು ಬರುವಂತಾಯಿತು.

ತಾಳಿ ಕಟ್ಟಿ ಆಯಿತು. ಗಟ್ಟಿಮೇಳದ ಸದ್ದು ಖಾಲಿ ಮಂಟಪದಲ್ಲಿ ದೊಡ್ಡದಾಗಿ ಕೇಳಿಸಿತು. ಮೊದಲ ಪಂತಿಗೆ ಎಲೆ ಹಾಕಿದರು. ಒಂದು ಬದಿ ತುಂಬಿತು, ನಮ್ಮ ಬದಿಯಲ್ಲಿ ಬಾಳೆಲೆಗಳು ಗಾಳಿಗೆ ಎದ್ದೆದ್ದು ಬೀಳುತ್ತಿದ್ದವು. ಅಮ್ಮ ಅವಕ್ಕೆ ನೀರಿನ ಲೋಟಗಳನ್ನು ಇಟ್ಟು ಒತ್ತುತ್ತಿದ್ದಳು. ಅಜ್ಜಿ ಯಾರ ಕಡೆಯೂ ನೋಡದೆ ಕಂಬಕ್ಕೆ ಒರಗಿ ಕೂತಿದ್ದಳು. ಕಾಗೆಯ ಮಾತನ್ನು ಆಡಿದ್ದಕ್ಕೆ ಆ ಗಳಿಗೆಯಲ್ಲಿ ಅವಳು ಎಷ್ಟು ನೊಂದಿರಬೇಕು.

ಆಗ ರಸ್ತೆಯ ಕಡೆಯಿಂದ ಜನ ಬಂದರು. ಒಬ್ಬಿಬ್ಬರಲ್ಲ, ಒಂದು ಸಾಲು. ಎಲ್ಲರ ಕೈಯಲ್ಲೂ ವೈರಿನ ಚೀಲ, ಚೀಲದೊಳಗೆ ಊಟದ ಡಬ್ಬಿ. ಕಾಲಿಗೆ ಗೇಟಿನ ಮುಂದಿನ ಕೆಂಪು ಧೂಳು. ಗಂಡಸರು, ಹೆಂಗಸರು, ತಲೆ ನರೆತವರು. ಮಿಲ್ಲಿನ ಬದಲಿಗಳ ಸಾಲಿಗೆ ಸಾಲೇ ಗೇಟಿನಿಂದ ನೇರ ಇಲ್ಲಿಗೆ ನಡೆದು ಬಂದಿತ್ತು. ನನ್ನ ಗ್ರಾಫಿನಲ್ಲಿ ಒಳಗೆ ಬಂದವರ ಲೆಕ್ಕವಿತ್ತು, ವಾಪಸ್ ಹೋದವರ ಲೆಕ್ಕ ಇರಲಿಲ್ಲ. ಅವರು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಮುಂದಿದ್ದ ಒಬ್ಬ ಹಿರಿಯ ತಮಿಳಿನಲ್ಲೇ ಹೇಳಿದ. "ವೇಲೆ ಸಿಕ್ಕಿದರೆ ಬರಬೇಡಿ, ಸಿಗದಿದ್ದರೆ ಬನ್ನಿ ಅಂದಿದ್ದನಲ್ಲ ಮಾಪಿಳ್ಳೆ. ಇವತ್ತು ಯಾರಿಗೂ ಸಿಗಲಿಲ್ಲ."

ಅವರು ಡಬ್ಬಿಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಮ್ಮ ಬದಿಯ ಎಲೆಗಳ ಮುಂದೆ ಕೂತರು. ಬದಿ ತುಂಬಿ, ಇನ್ನೂ ಜನ ನಿಂತರು. ಆ ಹಿರಿಯ ಪಾಯಸವನ್ನು ಎಲೆಯ ಮೇಲೆ ಹರಡಿ, ಅಪ್ಪಳ ಮುರಿದು ಹಾಕಿಕೊಂಡು, ಬೆರಳಲ್ಲಿ ನಿಧಾನವಾಗಿ ಕಲಸುತ್ತಿದ್ದ. ಬಡಿಸಲು ಬಗ್ಗಿದ ನನಗೆ ಹೇಳಿದ. "ಕಲ್ಯಾಣದ ಊಟ ಉಂಡು ಎಷ್ಟೋ ವರ್ಷ ಆಯ್ತು ತಾಯಿ. ಊರಲ್ಲಿ ಕಲ್ಯಾಣ ಇರೋ ದಿನವೆಲ್ಲ ನಾವು ಮಿಲ್ಲೊಳಗೇ ಇರ್ತೀವಲ್ಲ. ನನ್ನ ತಂಗಿ ಮಗಳದೂ ನೋಡಲಿಲ್ಲ." ಪಕ್ಕದ ಹೆಂಗಸು ತಲೆಯಾಡಿಸಿ, ನಗುತ್ತಲೇ ಕಣ್ಣು ಒರೆಸಿಕೊಂಡಳು. ನಾನು ಇಬ್ಬರ ಎಲೆಗೂ ಇನ್ನೊಂದು ಸೌಟು ಪಾಯಸ ಹಾಕಿದೆ.

ಚಿಕ್ಕಪ್ಪ ಕೊರಳಿನ ಹಾರವನ್ನು ತೆಗೆದು ಹೆಂಡತಿಯ ಕೈಗೆ ಕೊಟ್ಟು, ಪಂಚೆ ಮೇಲೆ ಕಟ್ಟಿ, ಸಾಂಬಾರಿನ ಬಕೆಟ್ಟು ಹಿಡಿದು ಪಂತಿಗೆ ಇಳಿದುಬಿಟ್ಟ. ಮದುಮಗ ಬಡಿಸುವುದುಂಟೇ ಎಂದು ನೆಗಮಂನ ಹೆಂಗಸರು ಗುಜುಗುಜು ಮಾಡಿದರು. ಅವನ ಮಾವ ಹತ್ತಿರ ಬಂದು, ಆ ಉದ್ದದ ಸಾಲನ್ನು ನೋಡುತ್ತ ಕೇಳಿದರು.

"ಇವರೆಲ್ಲ ಯಾರು ಮಾಪಿಳ್ಳೆ?"

ಚಿಕ್ಕಪ್ಪ ಬಕೆಟ್ಟನ್ನು ಕೆಳಗಿಡಲೂ ಇಲ್ಲ.

"ಗಂಡಿನ ಕಡೆಯೋರು ಮಾವ" ಎಂದು, ಮುಂದಿನ ಎಲೆಗೆ ಬಗ್ಗಿದ.